ಹಕ್ಕಿಗಿಟ್ಟ ಬಟ್ಟಲು

ಕಳೆದ ಭಾನುವಾರ ನಮ್ಮ ಬಿಟಿಎಂ ಬೀದಿಗೆಲ್ಲ ಮೈಸೂರುಪಾಕು ಹಂಚಿದೆ. ಮದುವೆಯಲ್ಲ, ನಾಮಕರಣವಲ್ಲ. ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ರೇಣುಕಾಳ ಪ್ಲೇಟ್‌ಲೆಟ್ ಏರಿತ್ತು!

ಮುಧೋಳದ ಹುಡುಗಿ. ಡೆಂಗಿ ಬಂದು ಒಂದು ವಾರ ಆಸ್ಪತ್ರೆಯಲ್ಲಿದ್ದಳು. ಆ ವಾರ ನಮ್ಮ ಬೀದಿಯಲ್ಲಿ ಎಲ್ಲರೂ ಡಾಕ್ಟರುಗಳೇ. ಎದುರು ಮನೆಯವರು ಪಪ್ಪಾಯಿ ಎಲೆ ಅಂದರು, ಪಕ್ಕದವರು ಕಿವಿ ಹಣ್ಣು ಅಂದರು. ಬೆಳಗಾದರೆ ಗೇಟಿನ ಬಳಿ ಒಂದೇ ಪ್ರಶ್ನೆ: "ಇವತ್ತು ಎಷ್ಟು?" (ಕ್ರಿಕೆಟ್ ಸ್ಕೋರನ್ನೂ ಯಾರೂ ಇಷ್ಟು ಆತುರದಿಂದ ಕೇಳುವುದಿಲ್ಲ.)

ನಾನೇನು ಮಾಡಿದೆ? ಅಪರಾಧಿಯನ್ನು ಹುಡುಕಿದೆ.

ಸಿಕ್ಕಿದ್ದು ಎಳನೀರು ಮಂಜಣ್ಣ. ಕಾರ್ನರ್‌ನಲ್ಲಿ ಅವನ ಗಾಡಿ, ಅದರ ಹಿಂದೆ ಬುರುಡೆಗಳ ರಾಶಿ. ಸೊಳ್ಳೆಗೆ ಇದಕ್ಕಿಂತ ಒಳ್ಳೆಯ ಹೆರಿಗೆ ಆಸ್ಪತ್ರೆ ಬೇಕೆ?

"ಏನ್ರೀ ಮಂಜಣ್ಣ, ನಿಮ್ಮ ಬುರುಡೆಯಿಂದ ಒಂದು ಹುಡುಗಿ ಆಸ್ಪತ್ರೆ ಸೇರಿದ್ದಾಳೆ!" ಎಂದು ಹತ್ತು ಜನರ ಎದುರು ದಬಾಯಿಸಿದೆ.

"ಎಲ್ಲಾ ಸೀಳೇ ಹಾಕೋದು ಮೇಡಂ, ನೀರು ನಿಲ್ಲಲ್ಲ. ದಿನಾ ಸಂಜೆ ಕಸದ ಗಾಡಿ ಬಂದು ತಗೊಂಡೋಗತ್ತೆ" ಅಂದ.

ಕೇಳುವ ಪುರುಸೊತ್ತು ಯಾರಿಗಿತ್ತು? ಫೋಟೋ ಹೊಡೆದು ಪಾಲಿಕೆಯ ಆ್ಯಪ್‌ನಲ್ಲಿ ದೂರು ಹಾಕಿಯೇಬಿಟ್ಟೆ. (ರೇಣುಕಾಗೆ ಎಳನೀರು ಕೊಂಡಿದ್ದೂ ಅವನ ಹತ್ತಿರವೇ. ಬೇರೆ ಗಾಡಿ ದೂರ ಕಣ್ರೀ.)

ಮೈಸೂರುಪಾಕಿನ ಮರುದಿನವೇ ಇಬ್ಬರು ಆರೋಗ್ಯ ಕಾರ್ಯಕರ್ತೆಯರು ಟಾರ್ಚ್ ಹಿಡಿದು ಬಂದರು. ನಾನು ಚಪ್ಪಲಿ ಮೆಟ್ಟಿ ಹಿಂದೆಯೇ ಓಡಿದೆ. ಮಂಜಣ್ಣನ ರಾಶಿಯನ್ನು ಕೆದಕಿ ನೋಡಿದರು. ಒಂದು ಹನಿ ನೀರಿಲ್ಲ!

"ಹೆಂಗೂ ಬಂದಿದ್ದೀವಲ್ಲ, ನಿಮ್ಮನೇನೂ ನೋಡ್ಬಿಡ್ತೀವಿ ಮೇಡಂ."

"ಧಾರಾಳವಾಗಿ ನೋಡಿ" ಎಂದು ಕಾಫಿಗೂ ಕರೆದೆ. ನೀರಿನ ಸಂಪಿನ ಮೇಲೆ ಮುಚ್ಚಳವಿತ್ತು. ಡ್ರಮ್ಮಿಗೆ ಬಟ್ಟೆ ಕಟ್ಟಿತ್ತು. ಫ್ರಿಜ್ಜಿನ ಹಿಂದಿನ ಟ್ರೇ ಒಣಗಿತ್ತು. ಬೀಗುತ್ತಲೇ ಮಹಡಿ ಹತ್ತಿಸಿದೆ.

ಅಲ್ಲಿ, ರೇಣುಕಾಳ ಬಾಗಿಲ ಪಕ್ಕದಲ್ಲಿ, ನನ್ನ ಮಣ್ಣಿನ ಬಟ್ಟಲು. ಹೋದ ಬೇಸಿಗೆಯಲ್ಲಿ ಇದೇ ಅಂಕಣದಲ್ಲಿ 'ಹಕ್ಕಿಗಳಿಗೆ ನೀರಿಡಿ' ಎಂದು ಗೋಗರೆದಿದ್ದು ನಿಮಗೆ ನೆನಪಿರಬಹುದು. ಎಷ್ಟೊಂದು ಜನ ಫೋಟೋ ಕಳಿಸಿದ್ದಿರಿ! ಅದೇ ಬಟ್ಟಲು.

ಟಾರ್ಚ್ ಬೆಳಕು ಬಿತ್ತು. ಕೂದಲೆಳೆಯಂಥ ಹುಳುಗಳು ಮೇಲೆ ಕೆಳಗೆ ಕುಣಿಯುತ್ತಿದ್ದವು.

"ಸಖತ್ತಾಗಿ ಸಾಕಿದ್ದೀರಾ ಮೇಡಂ" ಎಂದು ಚಿಕ್ಕವಳು ನಕ್ಕಳು. ದೊಡ್ಡವಳು ನಗಲಿಲ್ಲ. "ಮೇಲ್ ಮೇಲೆ ನೀರು ತುಂಬ್ಸಿದ್ರೆ ಆಗಲ್ಲ. ವಾರಕ್ಕೊಂದ್ಸಲ ಪೂರ್ತಿ ಚೆಲ್ಲಿ, ಉಜ್ಜಿ ತೊಳೀಬೇಕು. ಮೊಟ್ಟೆ ಅಂಚಲ್ಲೇ ಅಂಟ್ಕೊಂಡಿರತ್ತೆ."

ಮಾತು ಕೇಳಿ, ಹಿಂದಿನ ದಿನವಷ್ಟೇ ಆಸ್ಪತ್ರೆಯಿಂದ ಮನೆಗೆ ಬಂದಿದ್ದ ರೇಣುಕಾ ಬಾಗಿಲಿಗೆ ಬಂದಳು. ಇನ್ನೂ ಗೋಡೆ ಹಿಡಿದೇ ನಡೆಯುತ್ತಾಳೆ.

"ಯಾಕ್ರಿ ಆಂಟಿ, ನೀರು ಖಾಲಿ ಆಗೇತೇನ್ರಿ? ಹಕ್ಕಿಗೆ ನೀರು ಕಮ್ಮಿ ಆಗಬಾರದಂತ ನೀವ ಹೇಳಿದ್ರಲ್ಲ. ಜ್ವರ ಬಂದ ದಿನಾನೂ ಒಂದ್ ಚೆಂಬು ಹಾಕೀನ್ರಿ."

ಅವಳನ್ನು ಕಚ್ಚಿದ ಸೊಳ್ಳೆ ಈ ಬಟ್ಟಲಿನದೇ ಎನ್ನಲು ಸಾಕ್ಷಿಯಿಲ್ಲ. ಮಂಜಣ್ಣನ ವಿಷಯದಲ್ಲಿ ನಾನು ಸಾಕ್ಷಿ ಕೇಳಿದ್ದೆನೆ? ರೇಣುಕಾಳ ಕೈ ಹಿಡಿದು ತಪ್ಪಾಯಿತು ಎಂದೆ. ಅವಳಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು, ಆಮೇಲೆ ಹೊಟ್ಟೆ ಹಿಡಿದು ನಕ್ಕಳು. "ಅಂದ್ರ ಇಷ್ಟ್ ದಿನ ನಾ ಸೊಳ್ಳಿಗೆ ನೀರ್ ಹಾಕೀನೇನ್ರಿ!"

ಸಂಜೆ ಗಾಡಿಯ ಬಳಿ ಹೋಗಿ, ಹತ್ತು ಜನ ಸೇರುವವರೆಗೆ ಕಾದು, ಮಂಜಣ್ಣನ ಕ್ಷಮೆ ಕೇಳಿದೆ.

"ಬಿಡಿ ಮೇಡಂ" ಎಂದು ಮಚ್ಚು ಎತ್ತಿಕೊಂಡ. "ಗಂಜಿ ಇರೋದು ಕೊಡ್ಲಾ, ನೀರು ಜಾಸ್ತಿ ಇರೋದಾ?"

ನನ್ನ ಬಟ್ಟಲು ಈಗ ಥಳಥಳ ಹೊಳೆಯುತ್ತಿದೆ. ಅಂದಹಾಗೆ, ನನ್ನ ಮಾತು ಕೇಳಿ ನೀವೂ ಒಂದು ಇಟ್ಟಿದ್ದಿರಲ್ಲ, ಅದನ್ನು ಕೊನೆಯ ಸಲ ಉಜ್ಜಿ ತೊಳೆದದ್ದು ಯಾವಾಗ?