ಜೋಳ ಹೊಡೆದ ಬಂದೂಕು

ಭತ್ತದ ತೆನೆಗೆ ಹಾಲು ತುಂಬುವ ಹೊತ್ತಿಗೆ ಸರಿಯಾಗಿ ದಸರಾ ರಜೆ ಬರುತ್ತಿದ್ದ ದಿನಗಳು ಅವು. ರಾಯದುರ್ಗದಲ್ಲಿ ಕಣೇಕಲ್ಲು ಕಡೆಯ ಬಸ್ಸು ಹತ್ತಿ, ಕಾಲುವೆಯ ಹತ್ತಿರ ಇಳಿದು, ಬಟ್ಟೆಯ ಚೀಲ ತಲೆಯ ಮೇಲಿಟ್ಟುಕೊಂಡು ನಡೆದರೆ ಅಜ್ಜಿಯ ಊರು. ನಮ್ಮ ಓರಗೆಯವರಿಗೆಲ್ಲ ಇಂಥದೊಂದು ಅಜ್ಜಿಯ ಊರು ಇದ್ದೇ ಇರುತ್ತದೆ. ಅಲ್ಲಿ ಕುಂಟೆಬಿಲ್ಲೆ, ಚೌಕಾಬಾರ, ಶೇಂಗಾ ಉಂಡೆ ಇರುತ್ತವೆ. ನನ್ನ ಅಜ್ಜಿಯ ಊರಲ್ಲಿ ಒಂದು ವರ್ಷ ಇವುಗಳ ಜೊತೆಗೆ ಅಮೆರಿಕದ ಬಂದೂಕೂ ಇತ್ತು.

ತಂದವನು ಈರಣ್ಣ ಮಾಮ, ನಮ್ಮಮ್ಮನ ತಮ್ಮ. ಬಳ್ಳಾರಿ ಕಡೆಯ ಗಣಿಯೊಂದರಲ್ಲಿ ಜೀಪು ಓಡಿಸುತ್ತಿದ್ದ. ಅಲ್ಲಿಗೆ ಯಂತ್ರ ಜೋಡಿಸಲು ಬಂದಿದ್ದ ಅಮೆರಿಕದ ಎಂಜಿನಿಯರ್ ಒಬ್ಬ ತನ್ನ ದೇಶಕ್ಕೆ ಹೊರಡುವಾಗ, ಮಗನ ಆಟದ ಸಾಮಾನು ಎಂದು ಅದನ್ನು ಮಾಮನ ಕೈಗಿಟ್ಟು ಹೋಗಿದ್ದನಂತೆ. ಆ ವರ್ಷವೇ ಮಾಮ ಕೆಲಸ ಬಿಟ್ಟು ಬಂದು ಕಾಲುವೆಯ ಕೆಳಗಿನ ಗದ್ದೆಯಲ್ಲಿ ಮೊದಲ ಸಲ ಭತ್ತ ಹಾಕಿದ್ದ. "ಸ್ಟೇರಿಂಗ್ ಹಿಡಿದ ಕೈಗೆ ಸಸಿ ಹಿಡಿಯಾಕ ಬರ್ತೈತೇನಪಾ?" ಎಂದು ಊರವರು ನಗುತ್ತಿದ್ದರು. ಪೈರು ಚೆನ್ನಾಗಿಯೇ ಬಂದಿತ್ತು. ಆದರೆ ತೆನೆಗೆ ಹಾಲು ತುಂಬಿತೋ ಇಲ್ಲವೋ, ಗುಬ್ಬಿಗಳ ದಂಡು ಇಳಿಯಿತು. ಬೆಳೆ ಹಕ್ಕಿಯ ಪಾಲಾದರೆ ನಕ್ಕವರ ಮಾತೇ ನಿಜವಾಗುತ್ತಿತ್ತು. ಅದಕ್ಕೇ ಮಾಮ ಬಂದೂಕು ತೆಗೆದ.

ಮರದ ಹಿಡಿ, ಕಪ್ಪು ನಳಿಕೆ, ಬೆರಳು ತೂರಿಸಿ ಎಳೆಯಲು ಕೆಳಗೊಂದು ಕಬ್ಬಿಣದ ಹಿಡಿಕೆ. ಮೂಗಿಗೆ ಹತ್ತಿರ ತಂದರೆ ಅಮ್ಮನ ಹೊಲಿಗೆ ಮಿಷನ್ನಿನ ಎಣ್ಣೆಯ ವಾಸನೆ. ನಾನು ಮಾಮನ ಬೆನ್ನು ಬಿಡಲಿಲ್ಲ.

"ಮಾಮ, ಮದ್ದು ಎಲ್ಲಿ ತುಂಬ್ತಿ?"

"ಮದ್ದಿಲ್ಲ ಪಾರಿ. ಬರೇ ಗಾಳಿ."

"ಗಾಳಿ ಯಾಂಗ ಗುಂಡು ದೂಡ್ತೈತಿ?"

"ಓಕುಳಿಯಾಗ ಪಿಚಕಾರಿ ನೀರು ದೂಡ್ತೈತಲ್ಲ, ಹಂಗ. ಒಳಗೊಂದು ಸ್ಪ್ರಿಂಗ್ ಐತಿ. ಅದು ಗಾಳೀನ ಒತ್ತತೈತಿ, ಗಾಳಿ ಗುಂಡನ್ನ ಒತ್ತತೈತಿ."

"ಆ ಗಾಳಿ ಅಮೆರಿಕದ್ದಾ?"

ಮಾಮ ಬಿದ್ದು ಬಿದ್ದು ನಕ್ಕ. "ಇಲ್ಲೇ ನಮ್ಮ ಅಡಿಗಿಮನಿದು, ನೋಡು" ಎಂದು ಹಿಡಿಕೆ ಎಳೆದು, ಖಾಲಿ ಬಂದೂಕಿನ ಬಾಯಿಯನ್ನು ಆರಿದ ಒಲೆಯ ಕಡೆ ತಿರುಗಿಸಿ ಒತ್ತಿದ. ಬುಸ್ ಎಂದಿತು. ಬೂದಿ ಎದ್ದು ಅಜ್ಜಿ ಮಾಡಿಟ್ಟಿದ್ದ ಜೋಳದ ರೊಟ್ಟಿಯ ಮೇಲೆಲ್ಲ ಕೂತಿತು.

"ಏ ಮೂಳ! ವಿಭೂತಿ ನನ್ನ ಹಣಿಗಿದ್ರ ಸಾಕು, ರೊಟ್ಟಿಗೆ ಯಾಕ?" ಎಂದು ಅಜ್ಜಿ ಲಟ್ಟಣಿಗೆ ಎತ್ತಿದಳು.

ಬೂದಿ ಕೊಡವಿದ ರೊಟ್ಟಿಯನ್ನೇ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತ ಮಾಮ ಎಂಜಿನಿಯರ್ ಹೇಳಿದ ಕತೆ ಹೇಳಿದ. ಇದನ್ನು ಮಾಡುವ ಕಂಪನಿಯವರು ಮೊದಲು ಬಂದೂಕು ಮಾಡುತ್ತಿರಲಿಲ್ಲವಂತೆ. ಹೊಲದ ಬಾವಿಯಿಂದ ನೀರೆತ್ತುವ ಗಾಳಿಯಂತ್ರ ಮಾಡುತ್ತಿದ್ದರಂತೆ. ಯಂತ್ರ ಸರಿಯಾಗಿ ಮಾರಾಟವಾಗದೆ, ಕೊಂಡ ರೈತನಿಗೆ ಇಂಥದೊಂದು ಗಾಳಿ ಬಂದೂಕು ಪುಕ್ಕಟೆ ಎಂದರಂತೆ.

"ಆಮ್ಯಾಲ ಏನಾತು?" ಎಂದೆ.

"ಮಂದಿ, ನಿಮ್ಮ ಗಾಳಿಯಂತ್ರ ನೀವೇ ಇಟ್ಕೊಳ್ರಿ, ಬಂದೂಕಷ್ಟೇ ಕೊಡ್ರಿ ಅಂದ್ರಂತ. ಕಡೀಕ ಯಂತ್ರ ಮಾಡೋದೇ ಬಿಟ್ರಂತ."

"ಉಪ್ಪಿನಕಾಯಿ ಸಿಕ್ತು ಅಂತ ಅನ್ನ ಬಿಟ್ಟಂಗಾತು" ಎಂದಳು ಅಜ್ಜಿ. "ನೀರೆತ್ತಾದು ಬಿಟ್ಟು ಜೀವ ತೆಗಿಯಾದು ಹಿಡದ್ರು."

"ಅವ್ವ, ಅದು ಹುಡುಗ್ರ ಆಟದ್ದು. ನಾ ಹೊಡೆಯಾದು ಬರೇ ಗುಬ್ಬಿ."

ಅಜ್ಜಿ ಲಟ್ಟಣಿಗೆ ಕೆಳಗಿಟ್ಟಳು. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ಆಕೆ. ಪೂಜೆಯಾಗದೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಸಿಟ್ಟು ಬಂದರೆ ದನಿ ಸಣ್ಣದಾಗುತ್ತಿತ್ತು. "ಈರಣ್ಣ, ಗುಬ್ಬೀದೂ ಉಸಿರು ಗಾಳಿನೇ. ಒಂದು ಹಕ್ಕಿ ಸತ್ತು ಬಿದ್ರೂ ಆ ಗದ್ದಿ ಅಕ್ಕಿ ನನ್ನ ಶಿವನ ಎಡಿಗೆ ಬರಾದಿಲ್ಲ. ನನ್ನ ತಾಟಿಗೂ ಬರಾದಿಲ್ಲ. ಇಷ್ಟೇ."

ಮಾಮ ಕೈ ತೊಳೆದುಕೊಂಡು ಎದ್ದುಹೋದ. ಊರವರು ನಕ್ಕರೆ ಆತ ತಡೆದುಕೊಳ್ಳುತ್ತಿದ್ದ. ಮೊದಲ ಬೆಳೆಯ ಅನ್ನವನ್ನು ಹೆತ್ತವಳೇ ಉಣ್ಣದಿದ್ದರೆ ತಡೆದುಕೊಳ್ಳುತ್ತಿರಲಿಲ್ಲ. ಆದರೆ ಗದ್ದೆ ಬರಿದಾದರೆ ಉಣ್ಣಲು ಅನ್ನವಾದರೂ ಎಲ್ಲಿ? ನನಗೆ ಇಬ್ಬರೂ ಬೇಕು, ಬಂದೂಕೂ ಬೇಕು.

ಅಷ್ಟರಲ್ಲಿ ಬಂದೂಕೇ ತಕರಾರು ತೆಗೆಯಿತು. ಅದರೊಡನೆ ಗುಂಡು ಬಂದಿರಲಿಲ್ಲ. ನಳಿಕೆಯ ತುದಿಯ ಹತ್ತಿರ ಒಂದು ಸಣ್ಣ ತೂತು. ಅದರೊಳಗೆ ಉಕ್ಕಿನ ದುಂಡು ಗುಂಡುಗಳನ್ನು ಸುರಿಯಬೇಕು. ಬಳ್ಳಾರಿಯ ಅಂಗಡಿಯಲ್ಲಿ ಸಿಕ್ಕಿದ್ದು ನಡು ಸಣ್ಣಗಿರುವ ಸೀಸದ ಗುಂಡು. ಅದು ತೂತಿನಲ್ಲಿ ಇಳಿಯಲೇ ಇಲ್ಲ. ಮಾಮ ನನ್ನನ್ನೂ ಕರೆದುಕೊಂಡು ರಾಯದುರ್ಗದ ಸೈಕಲ್ ಅಂಗಡಿಗೆ ಹೋದ. ಅಂಗಡಿಯವನು ಬಂದೂಕನ್ನು ಹಿಂದೆ ಮುಂದೆ ತಿರುಗಿಸಿ, "ಇದಿ ಏ ದೇಶಂದಿ ಸಾಮೀ?" ಎಂದು ತೆಲುಗಿನಲ್ಲಿ ಕೇಳುತ್ತ ಬೇರಿಂಗಿನ ಬಾಲ್ಸು ಹುಡುಕಿದ. ದೊಡ್ಡ ಬಾಲ್ಸು ತೂತಿಗೆ ಹಿಡಿಸಲಿಲ್ಲ. ಸಣ್ಣವು ಒಳಗೆ ಹೋದವು, ಬಂದೂಕು ಬಗ್ಗಿಸಿದ ಕೂಡಲೇ ಬಾಯಿಯಿಂದ ಉರುಳಿ ಚರಂಡಿಗೆ ಬಿದ್ದವು.

"ಅಮೆರಿಕದ ಗಾಳಿಗೆ ಅಮೆರಿಕದ ಗುಂಡೇ ಬೇಕೇನೋ" ಎಂದ ಮಾಮ.

ಮರುದಿನ ಬೆಳಿಗ್ಗೆ ಅಜ್ಜಿ ಮೊರದಲ್ಲಿ ಬಿಳಿಜೋಳ ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ಕಲ್ಲು ಆರಿಸುತ್ತ ಕೂತಿದ್ದ ನನ್ನ ಬೆರಳ ನಡುವೆ ಒಂದು ಕಾಳು ನಿಂತಿತು. ದುಂಡಗೆ, ಗಟ್ಟಿಯಾಗಿ. ಸೈಕಲ್ಲಿನ ದೊಡ್ಡ ಬಾಲ್ಸಿಗಿಂತ ಒಂಚೂರು ಸಣ್ಣದು, ಸಣ್ಣ ಬಾಲ್ಸಿಗಿಂತ ಒಂಚೂರು ದಪ್ಪ.

"ಮಾಮ! ಜೋಳ ಹಿಡಿಸ್ತೈತಿ ನೋಡು!"

ಹಿಡಿಸಿತು. ಬೊಗಸೆ ಜೋಳ ಜುರ್ರೆಂದು ಒಳಗಿಳಿಯಿತು. ಅಲ್ಲಾಡಿಸಿದರೆ ಗಿಲಕಿಯ ಸದ್ದು. ಜೋಳದ ನಾಡಿನವರು ಬಿಟ್ಟು ಬೇರೆ ಯಾರ ತಲೆಗಾದರೂ ಇದು ಹೊಳೆಯುತ್ತಿತ್ತೋ ಇಲ್ಲವೋ ಕಾಣೆ.

ಗದ್ದೆಯ ನಡುವಿನ ಅಟ್ಟಣಿಗೆ ಹತ್ತಿ ಕೂತೆವು. ಹಾಲುಗಾಳಿನ ಹಸಿ ವಾಸನೆ, ಕಾಲುವೆಯ ಕೆಸರಿನ ವಾಸನೆ. ಗುಬ್ಬಿಯ ದಂಡು ಬೀಸಿ ಬಂದು ತೆನೆಗಳ ಮೇಲೆ ಜೋತುಬಿತ್ತು. ಮಾಮ ಒಂದು ಕಣ್ಣು ಮುಚ್ಚಿದ. ಅಜ್ಜಿಯ ಮಾತು ಈಗ ನೆನಪಾಗಿ, "ಶಿವನೇ, ಬೀಳದಿರಲಿ" ಅಂದುಕೊಂಡೆ. ಗಾಳಿ ಹೇಗೆ ಎಸೆಯುತ್ತದೋ ನೋಡಬೇಕೆಂಬ ಆಸೆಗೆ ಕಣ್ಣನ್ನು ಮಾತ್ರ ಮುಚ್ಚಲಿಲ್ಲ.

ಬುಸ್!

ಬಾಯಿಯಿಂದ ಒಂದಿಷ್ಟು ಹಿಟ್ಟು ಹಾರಿತು. ಅದರ ಹಿಂದೆಯೇ ಕಾಳೊಂದು ಸೋಮಾರಿಯ ಹಾಗೆ ಬಾಗಿ ಹೋಗಿ ಬದುವಿನ ಮೇಲೆ ಬಿತ್ತು. ಹಕ್ಕಿಗಳು ಎದ್ದವು, ಒಂದು ಸುತ್ತು ಹಾಕಿದವು. ಮಾಮ ಮತ್ತೆ ಎಳೆದ, ಮತ್ತೆ ಒತ್ತಿದ. ಬುಸ್, ಬುಸ್. ಬದುವಿನ ತುಂಬ ಜೋಳ. ಧೈರ್ಯದ ಗುಬ್ಬಿಯೊಂದು ಇಳಿದು ಕೊಕ್ಕಿನಲ್ಲಿ ಕಾಳು ಕಚ್ಚಿ ನೋಡಿತು. ಆಮೇಲೆ ಅದರ ನೆಂಟರಿಷ್ಟರೆಲ್ಲ ಬಂದರು.

ಬುತ್ತಿ ಹೊತ್ತು ಬಂದ ಅಜ್ಜಿ ಬದುವಿನ ಮೇಲೆ ನಿಂತೇಬಿಟ್ಟಳು. ತಲೆಯ ಮೇಲಿನ ಬುಟ್ಟಿ ನಗುವಿಗೆ ಅಲ್ಲಾಡುತ್ತಿತ್ತು. "ಲೇ ಈರ! ಗುಬ್ಬಿಗೆ ಕಾಳು ಹಾಕಾಕ ಅಮೆರಿಕದಿಂದ ಬಂದೂಕು ಬರಬೇಕಾಗಿತ್ತೇನೋ? ನನ್ನ ಕೈ ಏನಾಗಿತ್ತು?"

ಪಕ್ಕದ ಗದ್ದೆಯವರೂ ನಕ್ಕರು. ಮಾಮನ ಕಿವಿ ಕೆಂಪಾಯಿತು. ಬಂದೂಕನ್ನು ಅಟ್ಟಣಿಗೆಯ ಕಂಬಕ್ಕೆ, ಬಾಯಿ ಮೇಲಾಗಿ ಒರಗಿಸಿ, ಇಳಿದು ಹೋಗಿಬಿಟ್ಟ. ಒಳಗೆ ಅರ್ಧ ಜೋಳ ಹಾಗೇ ಉಳಿದಿತ್ತು.

ಅಜ್ಜಿ ಮಾತ್ರ ಬಹಳ ಹೊತ್ತು ಬದುವನ್ನೇ ನೋಡುತ್ತ ನಿಂತಿದ್ದಳು. ಮರುದಿನದಿಂದ ಸೆರಗಿನಲ್ಲಿ ನುಚ್ಚುಜೋಳ ಕಟ್ಟಿಕೊಂಡು ಬಂದು ಗದ್ದೆಯಾಚೆಯ ದೂರದ ಬದುವಿನ ಮೇಲೆ ಚೆಲ್ಲತೊಡಗಿದಳು. ನಾನು ಅಟ್ಟಣಿಗೆಯ ಕೆಳಗೆ ಡಬ್ಬಿ ಬಡಿಯುತ್ತಿದ್ದೆ. ಡಬ್ಬಿಗೆ ಹೆದರಿ ಎದ್ದ ಹಕ್ಕಿ ಜೋಳ ಕಂಡಲ್ಲಿ ಇಳಿಯುತ್ತಿತ್ತು. ಎಲ್ಲವೂ ಇಳಿದವು ಎಂದು ಹೇಳಲಾರೆ. ತಿನ್ನುವಷ್ಟು ತಿಂದವು. ಆದರೆ ಗದ್ದೆ ಬರಿದಾಗಲಿಲ್ಲ. ನಡುವೆ ಜಿಟಿಜಿಟಿ ಮಳೆಯೂ ಹಿಡಿಯಿತು. ಬಂದೂಕಿನ ನೆನಪು ಯಾರಿಗೂ ಆಗಲಿಲ್ಲ.

ಆಯುಧಪೂಜೆಯ ದಿನ ಮಳೆ ನಿಂತಿತು. ಪಡಸಾಲೆಯನ್ನು ಸಾರಿಸಿ ಕುಡುಗೋಲು, ಕಳೆ ಕೀಳುವ ಕುರ್ಚಿಗೆ, ಸಲಿಕೆ, ಈಳಿಗೆಮಣೆಗಳನ್ನೆಲ್ಲ ತೊಳೆದು ಸಾಲಾಗಿ ಇಟ್ಟಿದ್ದಳು ಅಜ್ಜಿ. "ಬಂದೂಕು ತರ್ಲೇನಜ್ಜಿ?" ಎಂದೆ.

"ಅನ್ನ ಕೊಡಾ ಸಾಮಾನಿಗೆ ಪೂಜಿ. ಅದ್ಯಾವ ಅನ್ನ ಕೊಟ್ಟೈತಿ?"

ಮಾಮ ಪಕ್ಕದಲ್ಲೇ ಸಲಿಕೆ ಒರೆಸುತ್ತಿದ್ದ. ನನಗೆ ಅವನ ಮುಖ ನೋಡಲಾಗಲಿಲ್ಲ. ಕನಿಷ್ಠ ಒರೆಸಿಯಾದರೂ ಇಡೋಣವೆಂದು ಗದ್ದೆಗೆ ಓಡಿದೆ. ಅಟ್ಟಣಿಗೆ ಹತ್ತಿ ನೋಡಿದರೆ, ಬಂದೂಕಿನ ತುದಿಯ ತೂತಿನಿಂದ ಹಸಿರು ಮೊಳಕೆಯೊಂದು ಹೊರಗೆ ಬಂದು ಬಿಸಿಲಿನ ಕಡೆಗೆ ಬಾಗಿತ್ತು. ಬಾಯಲ್ಲಿ ಬಿಳಿ ಬೇರು.

ಎರಡೂ ಕೈಯಲ್ಲಿ ಹಿಡಿದು, ಕೂಸಿನ ಹಾಗೆ, ಮನೆಗೆ ತಂದೆ.

ಅಜ್ಜಿ ಮೊಳಕೆಯನ್ನು ಬೆರಳ ತುದಿಯಿಂದ ಮುಟ್ಟಿದಳು. ಮಾಮನ ಕಡೆ ನೋಡಿದಳು. "ನೋಡಪಾ. ನೀ ಬಿತ್ತಿದ್ದು ಇದರಾಗೂ ಬೆಳೀತು. ನಿನ್ನ ಕೈ ಚಲೋ ಐತಿ. ಊರವ್ರು ಏನರ ಅನ್ನಲಿ."

ಬಂದೂಕನ್ನು ಕುಡುಗೋಲಿನ ಪಕ್ಕದಲ್ಲಿಟ್ಟು, ಹಿಡಿಗೆ ವಿಭೂತಿ ಎಳೆದು, ಮೊಳಕೆಗೆ ಒಂದು ಹನಿ ನೀರು ಬಿಟ್ಟಳು. ಮಾಮ ಅತ್ತ ತಿರುಗಿ ಕಣ್ಣೊರೆಸಿಕೊಂಡ. ಧೂಪದ ಹೊಗೆ ಅಂದ.

ಕಾರ್ತಿಕದ ಕಡೆಯ ಸೋಮವಾರಕ್ಕೆ ನಾವೆಲ್ಲ ಮತ್ತೆ ಹೋದೆವು. ಹೊಸ ಅಕ್ಕಿಯ ಅನ್ನ, ಬೆಲ್ಲ, ತುಪ್ಪ ಶಿವನ ಎಡೆಗೆ ಬಂತು. ಆಮೇಲೆ ಅಜ್ಜಿಯ ತಾಟಿಗೂ ಬಂತು. ಮೊದಲ ತುತ್ತು ಆಕೆ ಮಾಮನ ಬಾಯಿಗೇ ಇಟ್ಟಳು. ತಲೆಬಾಗಿಲಿಗೆ ರೂಢಿಯಂತೆ ಗುಬ್ಬಿಗಳಿಗೆಂದು ಭತ್ತದ ತೆನೆಯ ಗೊಂಚಲು ಕಟ್ಟಿದೆವು. ನಾವು ಊಟ ಮಾಡಿ ಏಳುವುದರೊಳಗೆ ಅದರ ಸುತ್ತ ಕಿಚಪಿಚ ಶುರುವಾಗಿತ್ತು.

ತುಕ್ಕು ಹಿಡಿದ ಬಂದೂಕು ಮತ್ತೆ ಯಾವತ್ತೂ ಉಸಿರಾಡಲಿಲ್ಲ. ಅಜ್ಜಿಯೂ ಹೋದಳು, ಮಾಮನೂ ಹೋದ. ಮೊನ್ನೆ ಮೊಮ್ಮಗಳಿಗೆ ಈ ಕತೆ ಹೇಳಿದೆ. ನಂಬದೆ ಫೋನಿನಲ್ಲಿ ಹುಡುಕಿದಳು. "ಅಜ್ಜಿ, ಗಾಳಿಯಂತ್ರದ ಕತಿ ಖರೇ ಐತಿ! ಆ ಕಂಪನಿ ಈಗೂ ಬಂದೂಕು ಮಾಡ್ತೈತಿ!" ಎಂದು ಕೂಗಿದಳು. ನನಗೆ ಮಾಮನನ್ನು ಕರೆದು ಹೇಳಬೇಕೆನಿಸಿತು. ನಮ್ಮ ಕಡೆಯ ಗುಡ್ಡಗಳ ಮೇಲೆ ಈಗ ಗಾಳಿಯಂತ್ರಗಳು ಸಾಲುಗಟ್ಟಿ ತಿರುಗುತ್ತವೆ. ಮೊಮ್ಮಗಳು ಕಿಟಕಿಯಿಂದ ಅವನ್ನೇ ನೋಡುತ್ತ, "ಗಾಳಿ ಅಷ್ಟು ದೊಡ್ಡ ರೆಕ್ಕಿ ಯಾಂಗ ದೂಡ್ತೈತಿ?" ಎಂದು ಕೇಳಿದಳು. ಅದೇ ಪ್ರಶ್ನೆ. ಆ ದಿನ ದೀಪ ಹಚ್ಚುವಾಗ ಶಿವನಿಗೆ ಒಂದು ಶರಣು ಹೆಚ್ಚಿಗೆ ಮಾಡಿದೆ.

ತೆನೆ ಕಟ್ಟುವುದನ್ನು ನಾನು ಬಿಟ್ಟಿಲ್ಲ. ಆಗ ಕಟ್ಟಿದ್ದು ವಾರ ತುಂಬುವುದರೊಳಗೆ ಬರೀ ಕಡ್ಡಿಯಾಗುತ್ತಿತ್ತು. ಈಗ ಯುಗಾದಿಗೆ ನಾನೇ ಇಳಿಸುತ್ತೇನೆ, ಕಾಳೆಲ್ಲ ಹಾಗೇ ಇರುತ್ತದೆ. ಧೂಳು ಕೊಡವಿ, ಆ ಭತ್ತವನ್ನು ಸೆರಗಿಗೆ ಹಾಕಿಕೊಂಡು ಮಾಳಿಗೆ ಹತ್ತಿ ಚೆಲ್ಲಿ ಬರುತ್ತೇನೆ. ಡಬ್ಬಿ ಬಡಿದು ಗುಬ್ಬಿ ಓಡಿಸುತ್ತಿದ್ದವಳು ಈಗ ಸದ್ದಾಗದಂತೆ ಮೆಟ್ಟಿಲ ಮೇಲೆ ಕೂತು ಕಾಯುತ್ತೇನೆ.