ಕೊಡ್ಲಿಯ ಭಗವಂತನ ಹಲಗೆ

ಚಿತ್ತಾಪುರದ ತಹಸೀಲ್ ಕಚೇರಿಯಲ್ಲಿ ಗುಮಾಸ್ತನಾಗಿರುವ ಸಂಘಪಾಲ, ಹನ್ನೆರಡು ವರ್ಷಗಳ ಹಿಂದೆ ನೌಕರಿ ಸಿಕ್ಕ ವಾರವೇ, ತಂದೆ ಭಗವಂತ ಬಾರಿಸುತ್ತಿದ್ದ ಚರ್ಮವಾದ್ಯ ಹಲಗೆಯನ್ನು ಕೊಡ್ಲಿ ಊರಿನ ಮನೆಯಂಗಳದಲ್ಲಿ ಸುಟ್ಟಿದ್ದ. ಊರಲ್ಲಿ ಯಾರೇ ಸತ್ತರೂ ಹೆಣದ ಮುಂದೆ ಅದನ್ನು ಬಾರಿಸುತ್ತ ನಡೆಯುವುದು, ಕೊನೆಗೆ ದೂರದಿಂದ ಸುರಿದ ಜೋಳ ಬಳಿದುಕೊಂಡು ಬರುವುದು ಭಗವಂತನ ಪಾಲಿಗೆ ಬಂದ ಕೆಲಸವಾಗಿತ್ತು.

"ಇನ್ನ ಈ ಮನ್ಯಾಗ ಹಲಗಿ ಸಪ್ಪಳ ಕೇಳಬಾರದು" ಎಂದಿದ್ದ ಮಗ. ತಂದೆ ಎದುರಾಡಿರಲಿಲ್ಲ.

ಈ ಜೂನ್‌ನಲ್ಲಿ ಮಗಳು ರಾಧಿಕಾಳನ್ನು ಭರತನಾಟ್ಯಕ್ಕೆ ಸೇರಿಸಲೆಂದು ಸಂಘಪಾಲ ಅವಳನ್ನು ಕರೆದುಕೊಂಡು ಸೇಡಂ ಹತ್ತಿರದ ಕಲಾಶಾಲೆಗೆ ಹೋದ. ಕಲ್ಲು ಹಾಸಿದ ಅಂಗಳ. ಒಂದು ಕೋಣೆಯಲ್ಲಿ ಗೆಜ್ಜೆ, ಇನ್ನೊಂದರಲ್ಲಿ ತಬಲಾ. ಬೇವಿನ ಮರದ ಕೆಳಗೆ ಹತ್ತು ಹುಡುಗಿಯರು ಹಲಗೆ ಬಾರಿಸುತ್ತಿದ್ದರು. ಸಂಘಪಾಲ ನಿಂತುಬಿಟ್ಟ. ಎರಡು ಪೆಟ್ಟು ಒತ್ತಿ, ಮೂರನೆಯದನ್ನು ತುಸು ತಡೆದು ಬಿಡುವ ಆ ರೀತಿ ಅವನು ಚಿಕ್ಕಂದಿನಿಂದ ಕೇಳಿದ್ದೇ.

ಕಲಿಸುತ್ತಿದ್ದ ಕರುಣಾ ಟೀಚರ್ ಹತ್ತಿರ ಬಂದರು. "ಕೊಡ್ಲಿ ಭಗವಂತಪ್ಪನೋರು ಕಲಿಸಿದ್ದುರಿ ಇದು. ನಾಕು ವರ್ಷದಿಂದ ತಿಂಗಳಿಗೊಮ್ಮೆ ಬರ್ತಾರ. ವಾಡಿಗೆ, ತಂಗಿ ಮನಿಗೆ ಹೋಗ್ತೀನಿ ಅಂತ ಮನ್ಯಾಗ ಹೇಳಿ ಬರ್ತಾರಂತ. ಮಗನಿಗೆ ಗೊತ್ತಾದ್ರ ನಾಚಿಕಿ ಆಗ್ತದ ಅಂತಾರ್ರಿ. ನೀವು ಯಾವೂರವರ್ರಿ?"

"ಚಿತ್ತಾಪುರ" ಎಂದ ಸಂಘಪಾಲ, ನೆಲ ನೋಡುತ್ತ.

"ಪಪ್ಪಾ, ಅವ್ರು ನಮ್ಮ ಮುತ್ಯಾ ಅಲ್ಲಾ?" ಎಂದಳು ರಾಧಿಕಾ, ಅಜ್ಜನ ಹೆಸರು ಕೇಳಿ.

ಹುಡುಗಿಯರು ಬಾರಿಸುವುದನ್ನು ನಿಲ್ಲಿಸಿ ಅವನ ಕಡೆ ನೋಡಿದರು. ಹೌದೆಂದು ತಲೆಯಾಡಿಸಿದ. ಕರುಣಾ ಅರ್ಜಿಯ ಹಾಳೆ ತಂದು ಅವನ ಮುಂದಿಟ್ಟರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ. ಅರ್ಜಿ ತುಂಬುವಾಗ ಎರಡು ಸಲ ತಪ್ಪು ಬರೆದ.

ಅಲ್ಲಿಂದ ನೇರ ಕೊಡ್ಲಿಗೆ ಹೋದ. ಭಗವಂತ ಮಲಗುವ ಹೊರಸಿನ ಹಗ್ಗ ಬಿಗಿಯುತ್ತಿದ್ದ.

"ಅಪ್ಪಾ, ಕಲಾಶಾಲಿಗೆ ಹೋಗಿದ್ದೆ. ನನ್ನಿಂದ ತಪ್ಪಾಗ್ಯದ."

ಭಗವಂತ ಹಗ್ಗದ ಗಂಟು ಬಿಗಿದು ತಲೆಯೆತ್ತಿದ. "ಹೆಣದ ಮುಂದ ಬಾರಸೋದು ಬಿಡಿಸಿದಿ, ಭಾಳ ಛಲೋ ಮಾಡಿದಿ. ನನಗೂ ಅದು ಸಾಕಾಗಿತ್ತು. ಆದ್ರ ಸುಡೋ ಮುಂದ ಒಂದು ಮಾತು ನನ್ನ ಕೇಳಬೇಕಿತ್ತಪಾ. ಅದು ನಮ್ಮಪ್ಪ ಕೈಯಾರೆ ಮಾಡಿದ್ದು."

ಸಂಘಪಾಲ ಹಗ್ಗದ ಇನ್ನೊಂದು ತುದಿ ಹಿಡಿದು ಎಳೆದ.

ಮುಂದಿನ ತಿಂಗಳು ಅವನೇ ತಂದೆಯನ್ನು ಮೋಟಾರ್ ಸೈಕಲ್ ಮೇಲೆ ಕೂರಿಸಿಕೊಂಡು ಶಾಲೆಗೆ ಬಂದ. ಕರುಣಾ ಸಂಘಪಾಲನಿಗೆ ಎಲ್ಲರ ಮುಂದೆ ಕುರ್ಚಿ ಹಾಕಿಸಿ, "ಬರ್ರಿ, ಇಲ್ಲೇ ಕುಂದ್ರಿ" ಎಂದರು. ಅಲ್ಲಿ ಕೂರಲು ಅವನಿಗೆ ಮನಸ್ಸಾಗಲಿಲ್ಲ. ಹುಡುಗಿಯರ ಹಿಂದೆ, ಗೋಡೆಗೆ ಒರಗಿ ನಿಂತು ತಂದೆಯ ಪಾಠ ಪೂರ್ತಿ ಕೇಳಿದ.