ಗೋಲು ಹೊಡೆಯದವರ ಫೋಟೊ

ಸ್ನೇಹಿತರೇ, ನಜರ್‌ಬಾದಿನ ನಮ್ಮ ಹಾಕಿ ಕ್ಲಬ್ಬಿನಲ್ಲಿ ಇವತ್ತು ಬೆಳಿಗ್ಗೆ ಜೋರು ಜಗಳ. ಹಳೆಯ ಆಟಗಾರರ ಗೌರವದ ಗೋಡೆಯಲ್ಲಿ ಉಳಿದಿರುವುದು ಒಂದೇ ಫೋಟೊಗೆ ಜಾಗ. ಫುಲ್‌ಬ್ಯಾಕ್ ಆಗಿದ್ದ ಶಿವಣ್ಣನವರ ಹೆಸರು ಬಂದ ಕೂಡಲೇ ಅಡ್ಡ ಬಾಯಿ ಹಾಕಿದವನು ನಾನೇ.

"ಜೀವಮಾನದಲ್ಲಿ ಒಂದು ಗೋಲೂ ಹೊಡೆದಿಲ್ವಲ್ರೀ ಅವರು!"

ಎಂಬತ್ತರ ಶಿವಣ್ಣನವರು ಅಲ್ಲೇ ಕಾಫಿ ಕುಡಿಯುತ್ತಿದ್ದರು. ಲೋಟ ಹಿಡಿದುಕೊಂಡೇ ಎದ್ದು, ಊರುಗೋಲು ಊರುತ್ತಾ ಹೋಗಿ ಬಾಗಿಲಲ್ಲಿ ನಿಂತರು.

"ಹೊಡೆಯೋದು ನನ್ನ ಕೆಲಸ ಅಲ್ಲ ಕಣಪ್ಪ, ತಡೆಯೋದು. ಎಲ್ಲಿ, ಅಂಗಳದಿಂದ ಒಂದು ಹೊಡಿ ನೋಡೋಣ."

ಸ್ಟಿಕ್ಕು, ಚೆಂಡು ತೆಗೆದುಕೊಂಡು ಅಂಗಳಕ್ಕಿಳಿದೆ. ಮೆತ್ತಗೆ ಹೊಡೆಯಬೇಕೆಂದುಕೊಂಡೆ, ಕೈ ಕೇಳಲಿಲ್ಲ. ಚೆಂಡು ನೆಲಕ್ಕಂಟಿಕೊಂಡು ಸರ್ರನೆ ಹೋಯಿತು. ಅವರು ಊರುಗೋಲನ್ನು ತಲೆಕೆಳಗು ಮಾಡಿ ಅದರ ಬಾಗಿದ ಹಿಡಿಯನ್ನು ನೆಲಕ್ಕಿಟ್ಟರು, ಅಷ್ಟೇ. ಟಕ್ ಎಂದಿತು. ಚೆಂಡು ಒಂದಿಂಚೂ ಪುಟಿಯದೆ ಅಲ್ಲೇ ನಿಂತಿತು. ಎಡಗೈಯ ಲೋಟದಿಂದ ಒಂದು ಹನಿ ಕಾಫಿಯೂ ಚೆಲ್ಲಲಿಲ್ಲ.

ಇವರನ್ನು ದಾಟಲಾಗದೆ ಎಷ್ಟು ಜನ ಫಾರ್ವರ್ಡ್‌ಗಳು ತಲೆ ತಗ್ಗಿಸಿಕೊಂಡು ವಾಪಸ್ಸು ಹೋಗಿರಬೇಕು!

"ಉಳಿದಿರೋ ಆ ಜಾಗದಲ್ಲೇ ನಿಮ್ಮ ಫೋಟೊ ಹಾಕೋಣ್ವಾ ಸಾರ್?" ಎಂದೆ.

"ಬೇಡ, ಬಾಗಿಲ ಪಕ್ಕ ಹಾಕು. ಯಾರು ಒಳಗೆ ಬರ್ತಾರೋ ನೋಡ್ಕೋತೀನಿ."

ನಾನಂತೂ ಇನ್ನು ಮುಂದೆ ಹಿಂದಿನ ಬಾಗಿಲಿನಿಂದಲೇ ಓಡಾಡುವುದು.